ಸೈಕಾಲಜಿಸ್ಟ್ ಕುರ್ಚಿಯಲ್ಲಿ ಕೂತಿರುವ ನಾನೇ ಗೇ. ಅವತ್ತು ಹೇಳಬೇಕಿತ್ತಾ?

ಮಳೆಗಾಲ:
ಎಲ್ಲರಿಗೂ ನಮಸ್ಕಾರ. ಈ ಫೋರಂನಲ್ಲಿ ಮೂರು ವರ್ಷದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ವಯಸ್ಸು 34, ಮಲೆನಾಡಿನವನು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಎಂಟು ವರ್ಷ ಆಯಿತು. ನಾನು ಗೇ. ಇದು ಗೊತ್ತಿರುವುದು ನನ್ನ ಇಬ್ಬರು ಸ್ನೇಹಿತರಿಗೆ ಮಾತ್ರ. ಮನೆಯಲ್ಲಿ ಗೊತ್ತಿಲ್ಲ, ಕೆಲಸದ ಜಾಗದಲ್ಲಂತೂ ಇಲ್ಲವೇ ಇಲ್ಲ.

ಹೋದ ತಿಂಗಳು ಒಬ್ಬ ತಂದೆ ಮಗನನ್ನು ಕರೆದುಕೊಂಡು ಬಂದಿದ್ದರು. (ಊರು, ವಯಸ್ಸು, ಮನೆಯ ವಿಷಯ ಎಲ್ಲ ಬದಲಿಸಿದ್ದೇನೆ.) ಹುಡುಗನ ಫೋನಿನಲ್ಲಿ ಏನೋ ಮೆಸೇಜ್ ಸಿಕ್ಕಿದೆ. "ಇವನನ್ನು ಸರಿ ಮಾಡಿಕೊಡಿ ಸರ್, ಎಷ್ಟು ಸಿಟ್ಟಿಂಗ್ ಬೇಕಾಗುತ್ತೆ?" ಅಂದರು. ಕೆಟ್ಟ ಮನುಷ್ಯರಲ್ಲ. ರಾತ್ರಿಯೆಲ್ಲ ನಿದ್ದೆ ಮಾಡದ ಮುಖ. ಇದು ಕಾಯಿಲೆ ಅಲ್ಲ, ಇದಕ್ಕೆ ಔಷಧವೂ ಇಲ್ಲ, ಬೇಕಾಗಿಯೂ ಇಲ್ಲ ಅಂತ ಅರ್ಧ ಗಂಟೆ ಬಿಡಿಸಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ನಿಮಗೆ ಮದುವೆ ಆಗಿದೆಯಾ ಸರ್?" ಅಂದರು. ಇಲ್ಲ ಅಂದೆ. "ಹಾಗಾದರೆ ನಿಮಗೆ ಗೊತ್ತಾಗಲ್ಲ ಬಿಡಿ" ಅಂದರು.

ಆಗ ಹುಡುಗ ತಲೆಯೆತ್ತಿ ನನ್ನ ಮುಖ ನೋಡಿದ. ನಾನು ಫೈಲ್ ನೋಡಿದೆ.

ಅವರು ಹೋದ ಮೇಲೆ ಹಿರಿಯ ಸಹೋದ್ಯೋಗಿಯೊಬ್ಬರು, "ಸುಮ್ನೆ ಯಾಕೆ ವಾಪಸ್ ಕಳಿಸಿದ್ರಿ? ನಾಲ್ಕು ಸಲ ಕೂರಿಸಿ ಮಾತಾಡಿ ಮದುವೆಗೆ ಒಪ್ಪಿಸಬಹುದಿತ್ತಲ್ವಾ?" ಅಂದರು. ಅದಕ್ಕೂ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಆ ಹುಡುಗ ನೋಡಿದ್ದು ಇನ್ನೂ ಕಣ್ಣ ಮುಂದಿದೆ. ನಾನು ಹೇಳಬೇಕಿತ್ತಾ?

ಎಂಎಸ್‌ಡಬ್ಲ್ಯೂ ಧಾರವಾಡ:
ಹೇಳಬಾರದಿತ್ತು. ಆ ಕೋಣೆಯಲ್ಲಿ ಕೂತಿರುವಷ್ಟು ಹೊತ್ತು ಅದು ಹುಡುಗನ ಸಮಯ. ನಿಮ್ಮ ಕಥೆ ಶುರುವಾದರೆ ಅವನು ನಿಮ್ಮ ಕಥೆ ಕೇಳಬೇಕಾಗುತ್ತದೆ. ನಮಗೆ ತರಬೇತಿಯಲ್ಲಿ ಮೊದಲು ಕಲಿಸಿದ್ದೇ ಇದು.

ಹುಬ್ಬಳ್ಳಿಯವ:
ತರಬೇತಿ ಸರಿ ರೀ. ಆದರೆ ಆ ಹುಡುಗ ಜೀವನದಲ್ಲಿ ಕಣ್ಣಾರೆ ನೋಡಿದ ಮೊದಲ ಗೇ ಮನುಷ್ಯ ಇವರೇ ಆಗಿರಬಹುದು. ಅದೂ ಓದಿ, ಕೆಲಸ ಹಿಡಿದು, ನಾಲ್ಕು ಜನ ಸರ್ ಅನ್ನುವಂಥವರು. ಅದು ಅವನಿಗೆ ಗೊತ್ತೇ ಆಗದೆ ಎದ್ದು ಹೋದ. ನನಗೆ ಓದಿ ಸಂಕಟ ಆಯಿತು.

ನೇರಮಾತು:
ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಾನೂ ಒಬ್ಬ ಹುಡುಗನ ತಂದೆ. ಸೈಕಾಲಜಿಸ್ಟೇ ಗೇ ಆಗಿದ್ದರೆ "ಇದು ಕಾಯಿಲೆ ಅಲ್ಲ" ಅಂತಲೇ ಹೇಳುತ್ತಾರಲ್ವಾ? ಅದು ಪಕ್ಷಪಾತ ಆಗುವುದಿಲ್ಲವೇ? ಆ ತಂದೆಗೆ ಇವರ ವಿಷಯ ತಿಳಿದುಕೊಳ್ಳುವ ಹಕ್ಕು ಇಲ್ಲವೇ?

ನಿವೃತ್ತ ಡಾಕ್ಟರ್:
ನೇರಮಾತು ಅವರೇ, ಗಂಡ ಹೆಂಡತಿ ಜಗಳ ಅಂತ ಬಂದಾಗ ಮದುವೆಯಾದ ಡಾಕ್ಟರು ನೋಡಿದರೆ ಪಕ್ಷಪಾತ ಅನ್ನುತ್ತೇವೆಯೇ? ಇಲ್ಲ. ಇದು ಕಾಯಿಲೆ ಅಲ್ಲ ಅಂತ ಹೇಳಿದ್ದು ಇವರೊಬ್ಬರೇ ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ತೆಗೆಯಿತು. ನಮ್ಮ ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಬಾಯಿ ಬಿಟ್ಟು ಹೇಳಿದೆ.

ನಾನು ಓದಿದ್ದು ಎಂಬತ್ತರ ದಶಕದ ಮೊದಲಲ್ಲಿ. ಪುಸ್ತಕದಲ್ಲಿ ಆಗಿನ್ನೂ ಒಂದು ಹಿಂಬಾಗಿಲು ಇತ್ತು. "ತನ್ನ ಒಲವು ತನಗೇ ಹಿಂಸೆಯಾದರೆ ಅದು ಕಾಯಿಲೆ" ಅಂತ. ಊರು, ಮನೆ, ಶಾಲೆ ಎಲ್ಲ ಸೇರಿ ಒಬ್ಬನನ್ನು ಹಂಗಿಸಿದರೆ ಅವನಿಗೆ ಹಿಂಸೆ ಆಗದೆ ಇರುತ್ತದೆಯೇ? ಆ ಬಾಗಿಲಿನಿಂದ ಎಷ್ಟೋ ಹುಡುಗರನ್ನು ಒಳಗೆ ಕರೆದುಕೊಂಡೆವು. ಗಂಡಸರ ಚಿತ್ರ ತೋರಿಸುತ್ತಾ ಕೈಗೆ ಸಣ್ಣ ಶಾಕ್ ಕೊಡುವುದು ನಡೆಯುತ್ತಿತ್ತು. ಅದಕ್ಕೆ ಚಿಕಿತ್ಸೆ ಅಂತ ಹೆಸರು. ಹಾಗೆ ಮಾಡುವಾಗ ಸಹಾಯಕ್ಕೆ ನಿಂತವರಲ್ಲಿ ನಾನೂ ಒಬ್ಬ. ಇಬ್ಬರು ಹುಡುಗರ ಮುಖ ಚೆನ್ನಾಗಿ ನೆನಪಿದೆ. ಹೆಸರು ಮರೆತಿದ್ದೇನೆ. ಅವರೇನಾದರೂ ಎದುರಿಗೆ ಸಿಕ್ಕರೆ ಕೈಮುಗಿಯಬೇಕು.

ಆದ್ದರಿಂದ ಮಳೆಗಾಲ ಅವರೇ, ನೀವು ಆ ಹುಡುಗನನ್ನು "ಏನೂ ಆಗಿಲ್ಲ" ಅಂತ ವಾಪಸ್ ಕಳಿಸಿದ್ದು ಸಣ್ಣ ಕೆಲಸ ಅಲ್ಲ.

ಜಯನಗರ 4ನೇ ಬ್ಲಾಕ್:
ಡಾಕ್ಟರೇ, ಇದನ್ನು ಬರೆದಿದ್ದಕ್ಕೆ ಧನ್ಯವಾದ. ಎರಡು ಸಲ ಓದಿದೆ.

ಕಪ್ಪುಕೋಟು:
ಆ ಹಿರಿಯ ಸಹೋದ್ಯೋಗಿಗೆ ತಿಳಿಸಿ. ಗೇ ಇರುವವರನ್ನು "ಬದಲಾಯಿಸುವ" ಚಿಕಿತ್ಸೆ ವೃತ್ತಿಯ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಆಗಸ್ಟ್‌ನಲ್ಲಿ ಎಲ್ಲ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ಬರೆದಿದೆ. ಇದಕ್ಕೆ ಕಾರಣ ಮದ್ರಾಸ್ ಹೈಕೋರ್ಟಿನ ಒಂದು ಕೇಸು. ಮನೆಯವರ ಕಾಟ ತಡೆಯಲಾರದೆ ಇಬ್ಬರು ಹೆಣ್ಣುಮಕ್ಕಳು ರಕ್ಷಣೆ ಕೇಳಿ ಬಂದಿದ್ದರು. ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರು ತೀರ್ಪು ಕೊಡುವ ಮೊದಲು ತಮಗೇ ಈ ವಿಷಯ ಸರಿಯಾಗಿ ಗೊತ್ತಿಲ್ಲ ಅಂತ ಹೇಳಿ, ಸೈಕಾಲಜಿಸ್ಟ್ ಹತ್ತಿರ ಕೂತು ತಿಳಿದುಕೊಂಡರು. ಜಡ್ಜ್ ಒಬ್ಬರು ಹಾಗೆ ಮಾಡಿದ್ದು ನನಗೆ ಇವತ್ತಿಗೂ ದೊಡ್ಡದು ಅನಿಸುತ್ತದೆ.

ಇನ್ನೊಂದು, 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ಓದಿ. ಊರಿನ ನೀತಿ, ಧರ್ಮ, ಸಂಪ್ರದಾಯಕ್ಕೆ ಒಬ್ಬ ಹೊಂದಿಕೊಳ್ಳುತ್ತಿಲ್ಲ ಅನ್ನುವುದೇ ಅವನಿಗೆ ಮಾನಸಿಕ ಕಾಯಿಲೆ ಇದೆ ಅನ್ನಲು ಕಾರಣ ಆಗಬಾರದು ಅಂತ ಅಲ್ಲೇ ಇದೆ.

ಹುಬ್ಬಳ್ಳಿಯವ:
ಗೇ ಸಂಬಂಧ ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಹೋಗಿ ಇಷ್ಟು ವರ್ಷ ಆಯ್ತಲ್ಲ, 2009ರಲ್ಲೇ ಸುಪ್ರೀಂ ಕೋರ್ಟ್ ತೆಗೆದುಹಾಕಿದ ಮೇಲೂ ಡಾಕ್ಟರುಗಳೇ ಹೀಗೆ ಮಾತಾಡಿದರೆ ಹೇಗೆ?

ಕಪ್ಪುಕೋಟು:
2009ರದು ದೆಹಲಿ ಹೈಕೋರ್ಟ್. ಅದನ್ನು 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಮತ್ತೆ ಐದು ಜನ ನ್ಯಾಯಮೂರ್ತಿಗಳು ಕೂತು, ಇಬ್ಬರು ವಯಸ್ಕರು ಒಪ್ಪಿ ಕೂಡಿದರೆ ಅಪರಾಧ ಅಲ್ಲ ಅಂದಿದ್ದು 2018ರ ಸೆಪ್ಟೆಂಬರ್ 6ಕ್ಕೆ. ನಡುವಿನ ಆ ಐದು ವರ್ಷ ಕೆಟ್ಟ ಕಾಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಶೇಖರ್ ಶೇಷಾದ್ರಿ ಮತ್ತು ಇನ್ನೂ ಕೆಲವು ಮನೋಆರೋಗ್ಯ ತಜ್ಞರು ಆ ಮೊದಲ ಸುತ್ತಿನಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿ, ಈ ಕಾನೂನು ಜನರ ಮನಸ್ಸಿಗೆ ಎಷ್ಟು ಹಾನಿ ಮಾಡುತ್ತಿದೆ ಅಂತ ಹೇಳಿದ್ದರು. ಆಗ ಸೋತರು. ಆದರೆ ಹೇಳಿದರು.

ಪದಬಂಧ:
ಒಂದು ಮಾತಿನ ವಿಷಯ. ಪೇಪರಿನಲ್ಲಿ ಈಗಲೂ "ಸಲಿಂಗಕಾಮಿ" ಅಂತ ಬರೆಯುತ್ತಾರೆ. ಮದುವೆಯಾದ ಗಂಡ ಹೆಂಡತಿಯನ್ನು ಯಾರಾದರೂ "ಭಿನ್ನಲಿಂಗಕಾಮಿಗಳು" ಅನ್ನುತ್ತಾರಾ? ಕಾಮ ಅನ್ನುವ ಪದ ಇವರ ಹೆಸರಿಗೆ ಮಾತ್ರ ಯಾಕೆ ಅಂಟಬೇಕು? "ಸಲಿಂಗಿ" ಅಂದರೆ ಸಾಕು.

ಟೊರೊಂಟೊ ಕನ್ನಡಿಗ:
"ಸಲಿಂಗ ಪ್ರೇಮಿ" ಚೆನ್ನಾಗಿದೆ ಅಲ್ವಾ?

ಪದಬಂಧ:
ಒಬ್ಬನೇ ಇದ್ದರೆ? ಪ್ರೀತಿಸುವವರು ಯಾರೂ ಸಿಗದಿದ್ದರೂ ಅವನು ಅವನೇ ತಾನೇ.

ಮಳೆಗಾಲ:
ನಾನು ಗೇ ಅಂತಲೇ ಅನ್ನುತ್ತೇನೆ. ಪುಟ್ಟ ಪದ, ಹೇಳುವಾಗ ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಅಮ್ಮನಿಗೆ ಕನ್ನಡದಲ್ಲಿ ಹೇಗೆ ಹೇಳುವುದು ಅಂತ ಮಾತ್ರ ಇನ್ನೂ ಹುಡುಕುತ್ತಿದ್ದೇನೆ.

ಗುರುವಾರ:
ನನ್ನ ವಯಸ್ಸು 53. "ಮದುವೆಗೆ ಒಪ್ಪಿಸಬಹುದಿತ್ತು" ಅನ್ನುವ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ನನ್ನನ್ನು ಹಾಗೇ ಒಪ್ಪಿಸಿದ್ದರು.

ಬೆಂಗಳೂರಿನಲ್ಲಿ 1994ರಿಂದ "ಗುಡ್ ಆ್ಯಸ್ ಯೂ" ಅಂತ ನಮ್ಮಂಥವರ ಒಂದು ಗುಂಪು ಗುರುವಾರ ಗುರುವಾರ ಸೇರುತ್ತಿತ್ತು. ನನಗೆ ವಿಷಯ ತಿಳಿದಿದ್ದು 1996ರಲ್ಲಿ. ಆಗಿನ್ನೂ ಬಿಟಿಎಸ್ ಬಸ್ಸು. ಮೂರು ಗುರುವಾರ ಹೋಗಿ ಹೊರಗೆ ನಿಂತು ವಾಪಸ್ ಬಂದೆ. ನಾಲ್ಕನೇ ವಾರ ಒಳಗೆ ಹೋದೆ. ಅಲ್ಲಿ ಹತ್ತು ಹನ್ನೆರಡು ಜನ ಇದ್ದರು. ಆಫೀಸು, ಬಾಡಿಗೆ, ಅಮ್ಮನ ಬಿಪಿ ಅಂತ ಮಾತಾಡುತ್ತಿದ್ದರು. ನನ್ನ ಹಾಗೇ ಇದ್ದರು. ಮನೆಗೆ ಬಂದು ಅತ್ತೆ.

ಅಷ್ಟಾದರೂ ಮನೆಯಲ್ಲಿ ಹೇಳುವ ಧೈರ್ಯ ಬರಲಿಲ್ಲ. ಅಣ್ಣನಿಗೆ ಅನುಮಾನ ಬಂದು ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಬಹಳ ಒಳ್ಳೆಯ ಮಾತಿನಲ್ಲಿ, "ಮದುವೆಯಾದರೆ ಸರಿಹೋಗುತ್ತೆ, ಇದು ಕೆಲವರಿಗೆ ಇರುತ್ತೆ" ಅಂದರು. 1999ರಲ್ಲಿ ಮದುವೆಯಾಯಿತು. ಆ ಹೆಣ್ಣುಮಗಳು ಆರು ವರ್ಷ ತನ್ನಲ್ಲೇ ಏನೋ ಕೊರತೆ ಇದೆ ಅಂದುಕೊಂಡು ಬದುಕಿದಳು. ಉಪವಾಸ ಮಾಡಿದಳು, ಹರಕೆ ಹೊತ್ತಳು. ಒಂದು ದಿನ ನಾನೇ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು. "ಇದು ನಿಮಗೆ ಮದುವೆಗೆ ಮೊದಲೇ ಗೊತ್ತಿತ್ತಾ?" ಗೊತ್ತಿತ್ತು.

ಈಗ ಅವಳಿಗೆ ಬೇರೆ ಸಂಸಾರ ಇದೆ, ಚೆನ್ನಾಗಿದ್ದಾಳೆ. ನನಗೆ ಮಾತ್ರ ಆ ಪ್ರಶ್ನೆ ಹೋಗಿಲ್ಲ. ಮದುವೆ ಮಾಡಿಸಿ ಅನ್ನುವ ಡಾಕ್ಟರುಗಳು ಎದುರಿಗಿರುವ ಹುಡುಗನನ್ನು ಮಾತ್ರ ನೋಡುತ್ತಾರೆ. ಇನ್ನೊಂದು ಮನೆಯಲ್ಲಿ ಏನೂ ತಿಳಿಯದೆ ಕೂತಿರುವ ಹುಡುಗಿ ಅವರಿಗೆ ಕಾಣುವುದಿಲ್ಲ.

ನೇರಮಾತು:
ಗುರುವಾರ ಅವರೇ, ಇದನ್ನು ನಾನು ಯೋಚಿಸಿರಲಿಲ್ಲ. ನನಗೆ ಮಗಳೂ ಇದ್ದಾಳೆ.

ಟೊರೊಂಟೊ ಕನ್ನಡಿಗ:
ಕೆನಡಾದಲ್ಲಿ ಇಂಥ ಚಿಕಿತ್ಸೆ ಮಾಡುವುದೇ ಕ್ರಿಮಿನಲ್ ಅಪರಾಧ, 2022ರ ಜನವರಿಯಿಂದ. ಆದರೂ ಹೇಳುತ್ತೇನೆ, ಇಲ್ಲಿನ ಕನ್ನಡದ ಮನೆಗಳಲ್ಲಿ ಎಲ್ಲ ಸಲೀಸಾಗಿ ಇದೆ ಅಂದುಕೊಳ್ಳಬೇಡಿ. ಬೇರೆಯವರ ಮಕ್ಕಳಾದರೆ "ಅದರಲ್ಲೇನಿದೆ" ಅನ್ನುತ್ತಾರೆ. ತಮ್ಮ ಮನೆಯಲ್ಲಾದರೆ ಊರಿನ ಅಜ್ಜಿಗೆ ಏನು ಹೇಳುವುದು ಅನ್ನುತ್ತಾರೆ.

ಜಯನಗರ 4ನೇ ಬ್ಲಾಕ್:
ಇಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟ. ನಾನು ಮತ್ತು ನನ್ನ ಸಂಗಾತಿ ಏಳು ವರ್ಷದಿಂದ "ಕಸಿನ್ಸ್". ಓನರ್ ಆಂಟಿ ನಮಗಿಬ್ಬರಿಗೂ ಹೆಣ್ಣು ಹುಡುಕುತ್ತಿದ್ದಾರೆ, ಪಾಪ. ಅವರು ಯುಗಾದಿಗೆ ಹೋಳಿಗೆ ತಂದುಕೊಟ್ಟಾಗ ಸುಳ್ಳು ಹೇಳುತ್ತಿದ್ದೇನಲ್ಲ ಅಂತ ಬೇಜಾರಾಗುತ್ತದೆ.

ಬಿಎ ಎರಡನೇ ವರ್ಷ:
ವಿಷಯಾಂತರ, ಕ್ಷಮಿಸಿ. ಸೈಕಾಲಜಿ ಓದುತ್ತಿದ್ದೇನೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಎಂ.ಎ. ಸಾಕಾ? ನಮ್ಮ ಕಾಲೇಜಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಎಂಎಸ್‌ಡಬ್ಲ್ಯೂ ಧಾರವಾಡ:
ಸಾಕಾಗಲ್ಲ. ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಮಂಡಳಿ ಒಪ್ಪಿದ ಕೋರ್ಸ್ ಮಾಡಿ, ಅಲ್ಲೇ ನೋಂದಣಿ ಮಾಡಿಸಬೇಕು. ಇಷ್ಟು ವರ್ಷ ಹೆಚ್ಚಿನವರು ಎರಡು ವರ್ಷದ ಎಂ.ಫಿಲ್ ಮಾಡಿ ಬಂದವರು. ಸೀಟು ಕಡಿಮೆ, ಈಗಿನಿಂದಲೇ ಓದಿ.

ನಿವೃತ್ತ ಡಾಕ್ಟರ್:
ಮೂಲ ಪ್ರಶ್ನೆಗೆ ಬರೋಣ. ಹೇಳಬೇಕಾ ಬೇಡವಾ ಅಂತ ಯೋಚಿಸುವಾಗ ನನಗೆ ಜಾನ್ ಫ್ರೈಯರ್ ನೆನಪಾಗುತ್ತಾರೆ. ಅಮೆರಿಕದ ಮನೋವೈದ್ಯ, ಗೇ. ಗೇ ಅಂತ ಗೊತ್ತಾಗಿ ತರಬೇತಿಯ ಜಾಗ ಒಮ್ಮೆ ಕಳೆದುಕೊಂಡಿದ್ದರು. 1972ರ ಮೇ ತಿಂಗಳಲ್ಲಿ ಡಲ್ಲಾಸ್‌ನಲ್ಲಿ ಮನೋವೈದ್ಯರ ಸಂಘದ ವಾರ್ಷಿಕ ಸಭೆ. ಗೇ ಮನೋವೈದ್ಯರೊಬ್ಬರು ವೇದಿಕೆಗೆ ಬಂದು ಮಾತಾಡಬೇಕು ಅಂತ ಹೋರಾಟಗಾರ್ತಿ ಬಾರ್ಬರಾ ಗಿಟ್ಟಿಂಗ್ಸ್ ಹಲವರನ್ನು ಕೇಳಿದರು. ಎಲ್ಲರೂ ಹೆದರಿದರು. ಫ್ರೈಯರ್ ಒಪ್ಪಿದರು, ಆದರೆ ಗುರುತು ಮರೆಸಿಕೊಂಡು. ಮುಖವಾಡ, ವಿಗ್, ತಮ್ಮ ಅಳತೆಗಿಂತ ದೊಡ್ಡ ಕೋಟು, ದನಿ ಬದಲಿಸುವ ಮೈಕು. ಹೆಸರು "ಡಾಕ್ಟರ್ ಎಚ್. ಅನಾಮಿಕ". ನಾನು ಗೇ, ನಾನು ಮನೋವೈದ್ಯ ಅಂತ ಆ ಸಭೆಯಲ್ಲಿ ಹೇಳಿದರು. ಮುಂದಿನ ವರ್ಷ ಪಟ್ಟಿಯಿಂದ ಆ ಹೆಸರು ಹೋಯಿತು. ಅವರೊಬ್ಬರಿಂದಲೇ ಹೋಯಿತು ಅಂತಲ್ಲ, ಹೊರಗಿನ ಹೋರಾಟ ಜೋರಾಗಿತ್ತು, ಗೇ ಗಂಡಸರ ಮನಸ್ಸಿನ ಆರೋಗ್ಯ ಬೇರೆಯವರಿಗಿಂತ ಕಡಿಮೆಯೇನಲ್ಲ ಅಂತ ಮನೋವಿಜ್ಞಾನಿ ಎವೆಲಿನ್ ಹೂಕರ್ 1957ರಲ್ಲೇ ಮಾಡಿ ತೋರಿಸಿದ ಅಧ್ಯಯನ ಇತ್ತು. ಆದರೆ ತಮ್ಮ ಪಕ್ಕದ ಕುರ್ಚಿಯಲ್ಲೇ ಇಂಥವರು ಕೂತಿದ್ದಾರೆ ಅಂತ ಆ ಡಾಕ್ಟರುಗಳಿಗೆ ಅವತ್ತು ತಿಳಿಯಿತು.

ಆ ಮುಖವಾಡದ ಒಳಗೆ ಇದ್ದದ್ದು ನಾನೇ ಅಂತ ಅವರು ಎಲ್ಲರೆದುರು ಹೇಳಿದ್ದು 1994ರಲ್ಲಿ. 22 ವರ್ಷ ಬೇಕಾಯಿತು. ಮಳೆಗಾಲ ಅವರೇ, ನಿಧಾನಕ್ಕೆ ಹೇಳುವವರನ್ನು ನಾನು ಹೇಡಿ ಅನ್ನುವುದಿಲ್ಲ.

ಹುಬ್ಬಳ್ಳಿಯವ:
ಆದರೆ 22 ವರ್ಷ ಕಾಯುವ ಕಾಲ ಈಗ ಅಲ್ಲ ರೀ.

ಎಂಎಸ್‌ಡಬ್ಲ್ಯೂ ಧಾರವಾಡ:
ಕಾಲ ಬದಲಾಗಿದೆ ಅಂತ ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ. ತಾಲ್ಲೂಕು ಆಸ್ಪತ್ರೆಗೆ ಬನ್ನಿ. ಒಬ್ಬರಿಗೆ ತಿಳಿದರೆ ಸಂಜೆಗೆ ಕ್ಯಾಂಟೀನಿನವರಿಗೂ ತಿಳಿದಿರುತ್ತದೆ. ಅವರ ಹೊಟ್ಟೆಪಾಡಿನ ಪ್ರಶ್ನೆ ಇದು.

ಹುಬ್ಬಳ್ಳಿಯವ:
ನಾನು ಬೆಂಗಳೂರಿನವನಲ್ಲ, ಹೆಸರು ನೋಡಿ. ನನ್ನ ಹಾರ್ಡ್‌ವೇರ್ ಅಂಗಡಿಗೆ ಬರುವ ಅರ್ಧ ಜನಕ್ಕೆ ನನ್ನ ವಿಷಯ ಗೊತ್ತಿದೆ. ಮೊದಲ ವರ್ಷ ವ್ಯಾಪಾರ ಬಿತ್ತು. ಆಮೇಲೆ ಪೈಪು ಬೇಕಾದವರು ಬಂದೇ ಬಂದರು.

ಎಂಎಸ್‌ಡಬ್ಲ್ಯೂ ಧಾರವಾಡ:
ಗೊತ್ತಿರಲಿಲ್ಲ, ಕ್ಷಮಿಸಿ. ಆದರೂ ಅಂಗಡಿ ನಿಮ್ಮದು. ಇವರು ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡುವವರು. ಆ ವ್ಯತ್ಯಾಸ ನೋಡಿ.

ಹುಬ್ಬಳ್ಳಿಯವ:
ಅದು ಒಪ್ಪಿದೆ.

ಹೆಸರು ಬೇಡ:
ನನಗೆ 19. ಸೈಕಾಲಜಿಸ್ಟ್ ಹತ್ತಿರ ಹೋದರೆ ಮನೆಗೆ ಫೋನ್ ಮಾಡಿ ಹೇಳುತ್ತಾರಾ? ಅದೊಂದೇ ಭಯ. ಉತ್ತರ ಕೊಟ್ಟರೆ ಉಪಕಾರ.

ಮಳೆಗಾಲ:
ಹೇಳುವುದಿಲ್ಲ. ನಿಮಗೆ 18 ದಾಟಿದೆ. ನಿಮ್ಮ ವಿಷಯ ಗುಟ್ಟಾಗಿ ಇಡುವುದು ಕಾಯ್ದೆಯಲ್ಲೇ ಇದೆ. ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನಿಸಿದರೆ ಮಾತ್ರ ನಾವು ಇನ್ನೊಬ್ಬರಿಗೆ ತಿಳಿಸಬೇಕಾಗಬಹುದು. ಮೊದಲ ಭೇಟಿಯಲ್ಲೇ ಎರಡು ಪ್ರಶ್ನೆ ಕೇಳಿ. "ಇಲ್ಲಿ ಹೇಳಿದ್ದು ಯಾರಿಗೆ ತಿಳಿಯುತ್ತೆ?" ಮತ್ತು "ಗೇ ಇರುವುದು ಕಾಯಿಲೆ ಅಂತ ನೀವು ಅಂದುಕೊಂಡಿದ್ದೀರಾ?" ಉತ್ತರ ತಡವರಿಸಿದರೆ ಎದ್ದು ಬನ್ನಿ. ದುಡ್ಡು ಹೋದರೆ ಹೋಗಲಿ.

ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈಗ ಹೇಗಿದ್ದೀರಿ? ಊಟ, ನಿದ್ದೆ ಸರಿಯಾಗಿ ಆಗುತ್ತಿದೆಯಾ?

ಹೆಸರು ಬೇಡ:
ನಿದ್ದೆ ಇಲ್ಲ ಅಣ್ಣಾ. ನಾಳೆ ಫೋನ್ ಮಾಡುತ್ತೇನೆ.

ಮಳೆಗಾಲ:
ಇವತ್ತೇ ಮಾಡಬಹುದು. ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ.

ಇಬ್ಬರ ಅಮ್ಮ:
ನಾನು ತಾಯಿ ಕಡೆಯಿಂದ ಹೇಳುತ್ತೇನೆ. ನನ್ನ ದೊಡ್ಡ ಮಗ ಹೇಳಿದ ದಿನ ನಾನು ಕೇಳಬಾರದ್ದೆಲ್ಲ ಕೇಳಿದೆ. ಯಾರು ನಿನ್ನನ್ನು ಕೆಡಿಸಿದ್ದು, ಹಾಸ್ಟೆಲ್‌ಗೆ ಹಾಕಿದ್ದೇ ತಪ್ಪಾಯಿತಾ ಅಂತ. ಅವನು ಜಗಳ ಆಡಲಿಲ್ಲ. "ಅಮ್ಮ, ನಾನು ನಿನಗೆ ಹೇಳಲು ಹನ್ನೊಂದು ವರ್ಷ ತಗೊಂಡೆ. ನೀನೂ ಸ್ವಲ್ಪ ಸಮಯ ತಗೋ" ಅಂದ. ನನಗೆ ಎರಡು ವರ್ಷ ಹಿಡಿಯಿತು. ನಾನು ಜಾಸ್ತಿ ಅತ್ತಿದ್ದು ಅವನು ಹೀಗಿದ್ದಾನೆ ಅಂತಲ್ಲ. ಹನ್ನೊಂದು ವರ್ಷ ನನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತಾ ಅದನ್ನು ಒಬ್ಬನೇ ಹೊತ್ತಿದ್ದ ಅಂತ.

ಮಳೆಗಾಲ ಅವರೇ, ಆ ತಂದೆ "ನಿಮಗೆ ಗೊತ್ತಾಗಲ್ಲ" ಅಂದಿದ್ದು ಬೈಗುಳ ಅಲ್ಲ. ಅವರಿಗೆ ಇನ್ನೊಬ್ಬ ತಂದೆ ಬೇಕಿತ್ತು. ಮುಂದೆ ಇಂಥವರು ಬಂದರೆ ನನ್ನಂಥವರ ಹತ್ತಿರ ಮಾತಾಡಿಸಿ. ನಾನು ಬರುತ್ತೇನೆ, ಯಾವ ಊರಾದರೂ ಸರಿ.

ಮಳೆಗಾಲ:
ಅಮ್ಮಾ, ಇಷ್ಟು ದಿನ ನಾನು ಆ ಮಾತನ್ನು ನನ್ನ ಮೇಲಿನ ಆರೋಪ ಅಂತಲೇ ತಗೊಂಡಿದ್ದೆ. ನೀವು ಹೇಳಿದ್ದು ಸರಿ. ಅವರು ನನ್ನ ಗುಟ್ಟು ಕೇಳಿರಲಿಲ್ಲ.

ಜಯನಗರ 4ನೇ ಬ್ಲಾಕ್:
ಒಂದು ತಕರಾರು ಇದೆ. ವಿವರ ಬದಲಿಸಿದ್ದೇನೆ ಅಂದರೂ ಆ ಹುಡುಗ ಇದನ್ನು ಓದಿದರೆ ತನ್ನದೇ ಅಂತ ಗೊತ್ತಾಗುತ್ತದೆ. ಇಲ್ಲಿ ಬರೆದಿದ್ದು ಸರಿಯೇ?

ಮಳೆಗಾಲ:
ನೀವು ಕೇಳಿದ್ದು ನ್ಯಾಯ. ಆ ಹುಡುಗನ ಬಗ್ಗೆ ಇನ್ನು ಒಂದಕ್ಷರವೂ ಬರೆಯುವುದಿಲ್ಲ. ಇನ್ನು ಮುಂದೆ ಬರೆದರೆ ನನ್ನದು ಮಾತ್ರ.

ಮಳೆಗಾಲ (ಮೂರು ವಾರದ ನಂತರ):
ಎರಡು ವಿಷಯ ತಿಳಿಸಬೇಕಿತ್ತು. ಮೊದಲನೆಯದು, ಆಯೋಗದ ಪತ್ರವನ್ನು ಪ್ರಿಂಟ್ ತೆಗೆದು ನಮ್ಮ ಕೋಣೆಯ ಬೋರ್ಡಿಗೆ ಅಂಟಿಸಿದೆ. ಆ ಹಿರಿಯರು ನಿಂತು ಪೂರ್ತಿ ಓದಿದರು. ಏನೂ ಅನ್ನಲಿಲ್ಲ, ಕೀಳಲೂ ಇಲ್ಲ.

ಎರಡನೆಯದು, ಅಮ್ಮನಿಗೆ ಹೇಳಿದೆ. ಊರಿಗೆ ಹೋಗಿದ್ದೆ. ಕೊಯ್ಲಿನ ಕಾಲ. ರಾತ್ರಿ ಅಮ್ಮ ಅಡಿಕೆ ಸುಲಿಯುತ್ತಾ ಕೂತಿದ್ದಳು, ಉಳಿದವರು ಎದ್ದು ಹೋಗಿದ್ದರು. ಹುಡುಕಿಟ್ಟುಕೊಂಡ ಪದ ಯಾವುದೂ ಬಾಯಿಗೆ ಬರಲಿಲ್ಲ. "ಅಮ್ಮ, ನನಗೆ ಹುಡುಗಿಯರ ಮೇಲೆ ಮನಸ್ಸು ಹೋಗಲ್ಲ. ಹುಡುಗರ ಮೇಲೆ ಹೋಗುತ್ತೆ. ಚಿಕ್ಕಂದಿನಿಂದ ಹೀಗೇ" ಅಂದೆ. ಅವಳ ಕೈ ನಿಲ್ಲಲಿಲ್ಲ. ಒಂದು ಹತ್ತು ಅಡಿಕೆ ಸುಲಿದಿರಬೇಕು. ಆಮೇಲೆ ಕೇಳಿದಳು. "ಅದಕ್ಕೇನಾ ನೀನು ಇಂಜಿನಿಯರಿಂಗ್ ಬಿಟ್ಟು ಇದನ್ನು ಓದಿದ್ದು? ನಿನಗೆ ನೀನೇ ಔಷಧ ಹುಡುಕೋಕಾ?"

ನಾನು ಇದನ್ನು ಯಾರಿಗೂ ಹೇಳಿರಲಿಲ್ಲ, ಇಲ್ಲಿಯೂ ಬರೆದಿರಲಿಲ್ಲ. ನಿಜ. 18ನೇ ವಯಸ್ಸಿನಲ್ಲಿ ಸೈಕಾಲಜಿ ತಗೊಂಡಿದ್ದು ಅದಕ್ಕೇ. ಮೊದಲ ವಾರವೇ ಲೈಬ್ರರಿಗೆ ಹೋಗಿ ದಪ್ಪ ಪುಸ್ತಕದ ಹಿಂದಿನ ಪುಟಗಳಲ್ಲಿ ನನ್ನ ಕಾಯಿಲೆಯ ಹೆಸರು ಹುಡುಕಿದ್ದೆ. ಪಟ್ಟಿಯಲ್ಲಿ ಇರಲಿಲ್ಲ. ಹಳೇ ಪುಸ್ತಕ ಇರಬೇಕು, ಹೊಸದರಲ್ಲಿ ಇರುತ್ತೆ ಅಂದುಕೊಂಡೆ. ಹೊಸದರಲ್ಲೂ ಇರಲಿಲ್ಲ.

"ಹೌದಮ್ಮ" ಅಂದೆ. "ಸಿಕ್ತಾ?" ಅಂದಳು. "ಕಾಯಿಲೆನೇ ಅಲ್ವಂತೆ" ಅಂದೆ. ಬುಟ್ಟಿ ಪಕ್ಕಕ್ಕಿಟ್ಟು ನನ್ನ ಕೈ ಹಿಡಿದುಕೊಂಡಳು. ಅವಳ ಕೈಯೆಲ್ಲ ಅಡಿಕೆಯ ಚೊಗರು. ಅಳಲಿಲ್ಲ. ಮಲಗುವ ಮೊದಲು, "ಕೊಯ್ಲು ಮುಗಿಯುವ ತನಕ ಚಿಕ್ಕಪ್ಪನಿಗೆ ಹೇಳಬೇಡ. ಆಮೇಲೆ ನಾನೇ ಕೂರಿಸಿ ಹೇಳುತ್ತೇನೆ" ಅಂದಳು.

ನಿವೃತ್ತ ಡಾಕ್ಟರ್:
ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ.

ಹೆಸರು ಬೇಡ:
ಅಣ್ಣಾ, ನಾನು ಅವತ್ತು ರಾತ್ರಿನೇ ಫೋನ್ ಮಾಡಿದೆ. ಮುಕ್ಕಾಲು ಗಂಟೆ ಮಾತಾಡಿದರು. ಈಗ ನಿದ್ದೆ ಬರುತ್ತಿದೆ.

ಇಬ್ಬರ ಅಮ್ಮ:
ಕೊಯ್ಲು ಯಾವಾಗ ಮುಗಿಯುತ್ತೆ ಮಗಾ?

ಮಳೆಗಾಲ:
ಸಂಕ್ರಾಂತಿ ಹೊತ್ತಿಗೆ, ಅಮ್ಮಾ.